ಸಣ್ಣ ತರಗತಿ ಮೊದಲು ಯಾರಿಗೆ ಸಿಗಬೇಕು?

1985ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ಶಾಸನಸಭೆ ಒಂದು ಅಪರೂಪದ ಕೆಲಸಕ್ಕೆ ದುಡ್ಡು ಕೊಟ್ಟಿತು. ನಾಲ್ಕು ವರ್ಷಕ್ಕೆ ಸುಮಾರು 1.2 ಕೋಟಿ ಡಾಲರ್. ತರಗತಿಯಲ್ಲಿ ಮಕ್ಕಳು ಕಡಿಮೆ ಇದ್ದರೆ ಕಲಿಕೆ ನಿಜಕ್ಕೂ ಸುಧಾರಿಸುತ್ತದಾ ಅಂತ ಪರೀಕ್ಷೆ ಮಾಡಿ ನೋಡುವುದೇ ಆ ಕೆಲಸ. ಟೀಚರ್‌ಗಳು ಇದನ್ನು ಹಿಂದಿನಿಂದಲೂ ಹೇಳುತ್ತಲೇ ಇದ್ದರು. ನ್ಯಾಶ್‌ವಿಲ್‌ನ ಶಿಕ್ಷಕಿ ಹೆಲೆನ್ ಪೇಟ್-ಬೇನ್ ಇದಕ್ಕಾಗಿ ಪಟ್ಟು ಹಿಡಿದವರು. ಆದರೆ ಸಣ್ಣ ತರಗತಿ ಎಂದರೆ ಹೆಚ್ಚು ಕೋಣೆ, ಹೆಚ್ಚು ಸಂಬಳ. ಅಷ್ಟು ಹಣ ಕೊಡುವವರಿಗೆ ಗಟ್ಟಿ ಪುರಾವೆ ಬೇಕಿತ್ತು.

'ಸ್ಟಾರ್' ಎಂಬ ಹೆಸರಿನ ಆ ಪ್ರಯೋಗಕ್ಕೆ 79 ಶಾಲೆಗಳು ಸೇರಿದವು. ಕಿಂಡರ್‌ಗಾರ್ಟನ್‌ನಿಂದ ಮೂರನೇ ಕ್ಲಾಸಿನವರೆಗೆ ಮೂರು ಬಗೆಯ ತರಗತಿಗಳನ್ನು ಮಾಡಿದರು. ಒಂದರಲ್ಲಿ 13ರಿಂದ 17 ಮಕ್ಕಳು. ಇನ್ನೊಂದರಲ್ಲಿ 22ರಿಂದ 25. ಮೂರನೆಯದರಲ್ಲೂ ಅಷ್ಟೇ ಮಕ್ಕಳು, ಆದರೆ ಟೀಚರ್ ಜೊತೆಗೆ ಒಬ್ಬ ಸಹಾಯಕರು. ಮೂರೂ ಬಗೆ ಒಂದೇ ಶಾಲೆಯಲ್ಲಿ ಇರಬೇಕು ಎಂಬುದು ನಿಯಮ. ಹಾಗಾಗಿ ಕಿಂಡರ್‌ಗಾರ್ಟನ್‌ನಲ್ಲಿ ಕನಿಷ್ಠ 57 ಮಕ್ಕಳಿದ್ದ ಶಾಲೆಗಳನ್ನಷ್ಟೇ ತೆಗೆದುಕೊಂಡರು. ಯಾವ ಮಗು ಎಲ್ಲಿ ಕೂರಬೇಕು, ಯಾವ ಟೀಚರ್ ಎಲ್ಲಿ ಪಾಠ ಮಾಡಬೇಕು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಯಿತು. ಹಾಗೆ ಹಂಚುವಾಗ ಅಪ್ಪ-ಅಮ್ಮನ ವಶೀಲಿಗೆ ಜಾಗವೇ ಇರಲಿಲ್ಲ. ಇಂದಿಗೂ ಸಂಶೋಧಕರು ಈ ಪ್ರಯೋಗವನ್ನು ನಂಬುವುದು ಈ ಕಾರಣಕ್ಕೇ.

ಸಣ್ಣ ತರಗತಿಯ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದೆ ಬಂದರು. ಸಹಾಯಕರನ್ನು ಕೊಟ್ಟ ದೊಡ್ಡ ತರಗತಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲಕ್ಕಿಂತ ಮುಖ್ಯ ಸಂಗತಿ ಬೇರೆ ಇದೆ. ಜಾಸ್ತಿ ಲಾಭ ಆಗಿದ್ದು ಕಪ್ಪು ಮಕ್ಕಳಿಗೆ, ನಗರದ ಒಳಗಿನ ಬಡ ಬಡಾವಣೆಗಳ ಮಕ್ಕಳಿಗೆ. ಮೊದಲ ವರ್ಷಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕ ಲಾಭ ಬಿಳಿಯ ಮಕ್ಕಳಿಗಿಂತ ಹೆಚ್ಚೂಕಡಿಮೆ ಎರಡರಷ್ಟಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಡಯಾನ್ ವಿಟ್ಮೋರ್ ಮತ್ತೆ ದಾಖಲೆ ತೆಗೆದು ನೋಡಿದರು. ಸಣ್ಣ ತರಗತಿಯಲ್ಲಿ ಕಲಿತ ಕಪ್ಪು ಮಕ್ಕಳಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗೆ ಕೂತವರು ಜಾಸ್ತಿ ಇದ್ದರು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸ್ಥಿತಿವಂತ ಬಿಳಿಯರು ನಗರ ಬಿಟ್ಟು ಹೊರವಲಯಕ್ಕೆ ಹೋದರು. ಅಮೆರಿಕದ ಶಾಲೆಗಳಿಗೆ ಹಣದ ಒಂದು ದೊಡ್ಡ ಪಾಲು ಬರುವುದು ಆಯಾ ಜಾಗದ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಬಿದ್ದ ಕಡೆ ಶಾಲೆಯೂ ಬಡವಾಯಿತು. ಒಂದನೇ ಕ್ಲಾಸಿನ ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಒಬ್ಬರು ಕೂತು ತಿದ್ದಬೇಕು. ಮನೆಯಲ್ಲಿ ಅದಕ್ಕೆ ಬಿಡುವಿರುವವರು ಇದ್ದರೆ ಸರಿ. ಎರಡೆರಡು ಪಾಳಿ ದುಡಿಯುವ ತಾಯಿಗೆ ಅದು ಆಗುವ ಮಾತಲ್ಲ. ಆಗ ಉಳಿಯುವುದು ಟೀಚರ್ ಒಬ್ಬರೇ. 45 ನಿಮಿಷದಲ್ಲಿ 30 ಮಕ್ಕಳು ಓದಬೇಕಾದರೆ ತಲೆಗೆ ಒಂದೂವರೆ ನಿಮಿಷ. 15 ಮಕ್ಕಳಾದರೆ ಮೂರು ನಿಮಿಷ. ಮಗು ಎಲ್ಲಿ ತಡವರಿಸುತ್ತದೆ ಅಂತ ಗುರುತಿಸಲು ಆ ಹೆಚ್ಚಿನ ಒಂದೂವರೆ ನಿಮಿಷ ಬೇಕೇ ಬೇಕು, ಅಲ್ವಾ?

ಇಷ್ಟು ಸ್ಪಷ್ಟ ಪಾಠ ಕಣ್ಣಮುಂದೆ ಇದ್ದರೂ ಕ್ಯಾಲಿಫೋರ್ನಿಯಾ ಎಡವಿತು. 1996ರ ಬೇಸಿಗೆಯಲ್ಲಿ, ಶಾಲೆ ಶುರುವಾಗಲು ಕೆಲವೇ ವಾರ ಇರುವಾಗ, ಗವರ್ನರ್ ಪೀಟ್ ವಿಲ್ಸನ್ ಸರ್ಕಾರ ಯೋಜನೆ ತಂದಿತು. ಮೂರನೇ ಕ್ಲಾಸಿನವರೆಗೆ ತರಗತಿಗೆ 20 ಮಕ್ಕಳಷ್ಟೇ ಇದ್ದರೆ ಪ್ರತಿ ಮಗುವಿಗೆ 650 ಡಾಲರ್. ಅದಕ್ಕೂ ಮೊದಲು ತರಗತಿಗೆ 30ರ ಹತ್ತಿರ ಮಕ್ಕಳಿದ್ದರು. ಬಡ ಶಾಲೆಗೂ ಶ್ರೀಮಂತ ಶಾಲೆಗೂ ಅದೇ ಮೊತ್ತ. ಮೇಲ್ನೋಟಕ್ಕೆ ಇದು ಸಮಾನತೆ. ಆಗಿದ್ದೇ ಬೇರೆ. ಇಡೀ ರಾಜ್ಯದಲ್ಲಿ ಒಟ್ಟಿಗೇ ಸಾವಿರಾರು ಟೀಚರ್ ಹುದ್ದೆಗಳು ತೆರೆದವು. ನಗರದ ಶಾಲೆಗಳಲ್ಲಿದ್ದ ಅನುಭವಿಗಳು ಅನೇಕರು ಅನುಕೂಲವಿದ್ದ ಕಡೆ ಹೊರಟರು. ಅವರ ಜಾಗಕ್ಕೆ ಬಂದವರಲ್ಲಿ ತರಬೇತಿ ಮುಗಿಸದವರು ಎಷ್ಟೋ ಮಂದಿ. ಈ ಕ್ಲಾಸುಗಳಲ್ಲಿ ಪೂರ್ತಿ ಅರ್ಹತೆ ಇಲ್ಲದ ಶಿಕ್ಷಕರು ನೂರಕ್ಕೆ ಸುಮಾರು 2 ಇದ್ದದ್ದು ಎರಡೇ ವರ್ಷದಲ್ಲಿ 12 ದಾಟಿತು. ಬಡ ಮಕ್ಕಳ ಶಾಲೆಗಳಲ್ಲಿ ಇನ್ನೂ ಜಾಸ್ತಿ. ಮೊದಲೇ ಕಿಕ್ಕಿರಿದಿದ್ದ ಶಾಲೆಗಳಲ್ಲಿ ಹೊಸ ಕೋಣೆಗೆ ಜಾಗವೂ ಇರಲಿಲ್ಲ. ಲೈಬ್ರರಿ, ಕಂಪ್ಯೂಟರ್ ಕೋಣೆಗಳೇ ತರಗತಿಗಳಾದವು. ಆಟದ ಬಯಲಿನಲ್ಲಿ ತಾತ್ಕಾಲಿಕ ಕೋಣೆಗಳು ಬಂದವು. ಮಕ್ಕಳ ಸಂಖ್ಯೆ ಇಳಿದದ್ದರಿಂದ ಒಳ್ಳೆಯದೇ ಆಯಿತು. ಆದರೆ ಬಡ ಶಾಲೆಗಳಲ್ಲಿ ಆ ಲಾಭದ ದೊಡ್ಡ ಪಾಲನ್ನು ಅನುಭವಿ ಟೀಚರ್‌ಗಳ ಕೊರತೆ ನುಂಗಿತು.

ಅದೇ ವರ್ಷ ವಿಸ್ಕಾನ್ಸಿನ್ ರಾಜ್ಯ ಬೇರೆ ದಾರಿ ಹಿಡಿಯಿತು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಮಾತ್ರ, ತರಗತಿಗೆ 15 ಮಕ್ಕಳು. ಮಿಲ್ವಾಕಿ ನಗರದ ಶಾಲೆಗಳು ಇದರಲ್ಲಿ ಸೇರಿದವು. ಕೋಣೆ ಸಾಲದ ಕಡೆ ಇಬ್ಬರು ಟೀಚರ್‌ಗಳು 30 ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದೂ ಉಂಟು. ಟೀಚರ್‌ಗೆ ಎಷ್ಟು ಮಕ್ಕಳು ಅನ್ನುವುದು ಒಂದು, ಕೋಣೆಯಲ್ಲಿ ಎಷ್ಟು ಮಕ್ಕಳು ಅನ್ನುವುದು ಇನ್ನೊಂದು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆಗಳಿಗೆ ಹೇಳುವ '30ಕ್ಕೆ ಒಬ್ಬರು' ಕೂಡ ಇಡೀ ಶಾಲೆಯ ಲೆಕ್ಕವೇ. ಅದೇನೇ ಇರಲಿ, ವಿಸ್ಕಾನ್ಸಿನ್‌ನಲ್ಲಿ ಕಪ್ಪು ಮಕ್ಕಳ ಕಲಿಕೆ ಮುಂದೆ ಬಂತು.

ಈಗ ಕಣ್ಣು ನ್ಯೂಯಾರ್ಕ್ ಮೇಲೆ. ಅಲ್ಲಿ ನಗರದ ಶಾಲೆಗಳಿಗೆ ಸಾಕಷ್ಟು ಹಣ ಸಿಗುತ್ತಿಲ್ಲ ಅಂತ 1993ರಲ್ಲೇ ಕೇಸು ಹಾಕಿದ್ದರು. ತರಗತಿಗಳು ಕಿಕ್ಕಿರಿದಿವೆ ಎಂಬುದು ಅದರ ಮುಖ್ಯ ದೂರುಗಳಲ್ಲಿ ಒಂದು. 2003ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ದೂರನ್ನು ಒಪ್ಪಿತು. 2022ರಲ್ಲಿ ಕಾಯ್ದೆ ಬಂತು: ಮೂರನೇ ಕ್ಲಾಸಿನವರೆಗೆ 20, ಎಂಟರವರೆಗೆ 23, ಹೈಸ್ಕೂಲಿನಲ್ಲಿ 25. ಬಡ ಶಾಲೆಗಳಿಂದ ಶುರು ಮಾಡಿ ಅಂತ ಕಾಯ್ದೆಯೇ ಹೇಳುತ್ತದೆ. ಆದರೆ ಅತಿ ಬಡ ಬಡಾವಣೆಗಳ ಎಷ್ಟೋ ಶಾಲೆಗಳಲ್ಲಿ ತರಗತಿಗಳು ಆಗಲೇ ಚಿಕ್ಕದಾಗಿವೆ. ಹೆಚ್ಚು ಕಿಕ್ಕಿರಿದಿರುವುದು ಬೇಡಿಕೆ ಜಾಸ್ತಿ ಇರುವ ಶಾಲೆಗಳೇ. ಹೊಸ ಹುದ್ದೆಗಳು ಅಲ್ಲಿ ತೆರೆದರೆ ನಗರದ ಬಡ ಭಾಗವಾದ ಬ್ರಾಂಕ್ಸ್‌ನ ಅನುಭವಿ ಟೀಚರ್ ಅತ್ತ ಹೊರಡುವ ಭಯ ಇದೆ, ಕ್ಯಾಲಿಫೋರ್ನಿಯಾದಲ್ಲಿ ಆದ ಹಾಗೆಯೇ. ನನ್ನ ಪ್ರಕಾರ ಅವರು ಅಲ್ಲೇ ಉಳಿಯುವಂತೆ ಹೆಚ್ಚು ಸಂಬಳ ಕೊಡಲು ಮೊದಲು ದುಡ್ಡು ತೆಗೆದಿಡಬೇಕು. ಬೇಡಿಕೆ ಇರುವ ಶಾಲೆಗಳ ಹೊಸ ಕೋಣೆಗಳು ಆಮೇಲೆ ಆಗಲಿ.