ಮಿಂಚಿ ಮರೆಯಾಗುವ ಬೆಳಕಿಗೊಂದು ಮೀಟರ್

ಸ್ಟುಡಿಯೊ ಫ್ಲ್ಯಾಶ್ ಒಮ್ಮೆ ಮಿಂಚಿ ಆರಲು ಸುಮಾರಾಗಿ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಅಷ್ಟರಲ್ಲಿ ಮುಖದ ಮೇಲೆ ಎಷ್ಟು ಬೆಳಕು ಬಿತ್ತೆಂದು ಕಣ್ಣು ಅಂದಾಜು ಮಾಡಲಾರದು. ಕ್ಯಾಮೆರಾದ ಒಳಗಿರುವ ಮೀಟರ್‌ಗೂ, ಮುಂಚಿತವಾಗಿ ಒಂದು ಪರೀಕ್ಷಾ ಮಿಂಚನ್ನು ಹಾಯಿಸುವ ಸ್ವಯಂಚಾಲಿತ ಫ್ಲ್ಯಾಶ್‌ನ ನೆರವಿಲ್ಲದಿದ್ದರೆ, ಅದು ಸಾಧ್ಯವಿಲ್ಲ. ಶಟರ್ ತೆರೆಯುವ ಮುನ್ನ ಇದ್ದ ಬೆಳಕನ್ನಷ್ಟೇ ಅದು ಅಳೆದಿರುತ್ತದೆ. ಕೈಯಲ್ಲಿ ಹಿಡಿಯುವ ಫ್ಲ್ಯಾಶ್ ಮೀಟರ್ ಈ ಕೊರತೆಯನ್ನು ತುಂಬುತ್ತದೆ. ಅದನ್ನು ಆಯ್ದುಕೊಳ್ಳುವಾಗ ಸೌಲಭ್ಯಗಳ ಉದ್ದನೆಯ ಪಟ್ಟಿಯನ್ನು ಬದಿಗಿಟ್ಟು, ಅದು ಬೆಳಕನ್ನು ಹೇಗೆ ಹಿಡಿಯುತ್ತದೆ, ಒಂದೇ ಬೆಳಕಿಗೆ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತದೆಯೇ ಎಂಬ ಎರಡು ಸಂಗತಿಗಳನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಕನ್ನು ಎರಡು ರೀತಿಯಲ್ಲಿ ಅಳೆಯಬಹುದು. ಕ್ಯಾಮೆರಾ ಅಳೆಯುವುದು ವಸ್ತುವಿಗೆ ಬಡಿದು ಮರಳಿ ಬರುವ ಬೆಳಕನ್ನು. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಅದು ನಂಬಿಕೊಂಡಿರುವುದರಿಂದ ಬಿಳಿ ಉಡುಪು ತೊಟ್ಟವರ ಚಿತ್ರ ಮಂಕಾಗುತ್ತದೆ, ಕಪ್ಪು ಕೋಟು ತೊಟ್ಟವರ ಚಿತ್ರ ಬೆಳ್ಳಗೆ ಪೇಲವವಾಗುತ್ತದೆ. ಕೈ ಮೀಟರ್ ಅಳೆಯುವುದು ವಸ್ತುವಿನ ಮೇಲೆ ಬೀಳುವ ಬೆಳಕನ್ನು. ಬಟ್ಟೆ ಬಿಳಿಯೋ ಕಪ್ಪೋ, ಅದಕ್ಕೆ ಸಂಬಂಧವೇ ಇಲ್ಲ. ಮೀಟರ್‌ನ ತಲೆಯ ಮೇಲೆ ಕಾಣುವ ಹಾಲುಬಿಳುಪಿನ ಪುಟ್ಟ ಅರ್ಧಗೋಳ ಇದೇ ಕೆಲಸಕ್ಕಾಗಿ ಇರುವಂಥದ್ದು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಡಾನ್ ನಾರ್ವುಡ್ ರೂಪಿಸಿದ ಈ ಅರ್ಧಗೋಳ ಒಂದು ಮುಖವಿದ್ದ ಹಾಗೆ: ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಬೀಳುವ ಬೆಳಕನ್ನೆಲ್ಲ ಅದು ಮೂಗು, ಕೆನ್ನೆ, ಹಣೆಗಳು ಪಡೆಯುವ ಪ್ರಮಾಣಕ್ಕೆ ಹತ್ತಿರವಾಗಿ ಒಟ್ಟುಗೂಡಿಸುತ್ತದೆ.

ಆದರೆ ಅರ್ಧಗೋಳ ಇದ್ದ ಮಾತ್ರಕ್ಕೆ ಫ್ಲ್ಯಾಶ್ ಅಳೆಯಲು ಬರುತ್ತದೆಂದುಕೊಳ್ಳಬಾರದು. ನಾರ್ವುಡ್‌ರ ಮೀಟರ್‌ನ ಪರಂಪರೆಯಲ್ಲೇ ಬಂದ, ಜಪಾನಿನ ಸೆಕೋನಿಕ್ ಕಂಪನಿಯ ಎಲ್-398 ಬ್ಯಾಟರಿಯ ಹಂಗಿಲ್ಲದೆ ನಡೆಯುವ ಸುಂದರ ಸಾಧನ; ಬೆಳಕು ಬಿದ್ದಾಗ ಅದರ ಕೋಶದಲ್ಲಿ ಹುಟ್ಟುವ ವಿದ್ಯುತ್ತೇ ಮುಳ್ಳನ್ನು ಸರಿಸುತ್ತದೆ. ಆ ಮುಳ್ಳು ನೆಲೆಗೊಳ್ಳಲು ಬೆಳಕು ಒಂದಿಷ್ಟು ಹೊತ್ತು ನಿಲ್ಲಬೇಕು. ಫ್ಲ್ಯಾಶ್ ನಿಲ್ಲುವುದಿಲ್ಲ. ಹೀಗಾಗಿ ಫ್ಲ್ಯಾಶ್ ಮೀಟರ್‌ಗಳಲ್ಲಿ ತ್ವರಿತವಾಗಿ ಪ್ರತಿಕ್ರಿಯಿಸುವ ಸಿಲಿಕಾನ್ ಫೋಟೊಡಯೋಡ್ ಇರುತ್ತದೆ, ಅದರ ಹಿಂದೆ ಮಿಂಚು ಏರಿ ಇಳಿಯುವ ಉದ್ದಕ್ಕೂ ಬಂದ ಬೆಳಕನ್ನು ಕೂಡಿಡುವ ಎಲೆಕ್ಟ್ರಾನಿಕ್ಸ್ ಇರುತ್ತದೆ. ಅಳತೆಗೆ ಸಿಗುವುದು ಬೆಳಕಿನ ತೀವ್ರತೆಯಲ್ಲ, ತೀವ್ರತೆ ಮತ್ತು ಕಾಲ ಎರಡನ್ನೂ ಸೇರಿಸಿದ ಒಟ್ಟು ಮೊತ್ತ, ಅಂದರೆ ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಮಾನ) ಮತ್ತು ಸೆಕೆಂಡುಗಳನ್ನು ಗುಣಿಸಿದಾಗ ಸಿಗುವ ಲಕ್ಸ್-ಸೆಕೆಂಡ್. ಕ್ಯಾಮೆರಾ ಬೆಳಕಿಗೆ ಎಷ್ಟು ಸಂವೇದಿ ಎಂಬುದನ್ನು ಹೇಳುವ ಐಎಸ್‌ಒ 100 ಆಗಿರುವಾಗ ಮೀಟರ್ ಎಫ್/8 (ಲೆನ್ಸಿನ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಂದು ತೋರಿಸಿದರೆ ಅರ್ಧಗೋಳದ ಮೇಲೆ ಸುಮಾರು 218 ಲಕ್ಸ್-ಸೆಕೆಂಡ್ ಬೆಳಕು ಬಿದ್ದಿದೆ ಎಂದು ಲೆಕ್ಕ ಹಾಕಬಹುದು. ಅಷ್ಟೂ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಬಂದಿದ್ದರೆ, ಆ ಗಳಿಗೆಯ ಮಟ್ಟಿಗೆ ಸ್ಟುಡಿಯೊದ ಒಳಗೆ ನಡುಹಗಲ ಬಿಸಿಲಿಗಿಂತ ಎರಡು ಪಟ್ಟು ಪ್ರಖರವಾದ ಬೆಳಕು ಇತ್ತೆಂದಾಯಿತು.

ಇನ್ನು ಬಳಕೆಯ ವಿಷಯ. ಮೀಟರನ್ನು ಗದ್ದದ ಕೆಳಗೆ ಹಿಡಿದು, ಅರ್ಧಗೋಳವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ಅಳೆದರೆ ಒಟ್ಟು ಬೆಳಕಿಗೆ ತಕ್ಕ ಅಪರ್ಚರ್ ಸಿಗುತ್ತದೆ. ಒಂದೊಂದೇ ದೀಪದ ಪಾಲನ್ನು ತಿಳಿಯಬೇಕಾದಾಗ ಮಾತ್ರ ಅರ್ಧಗೋಳವೇ ಅಡ್ಡಿಯಾಗುತ್ತದೆ, ಏಕೆಂದರೆ ಪಕ್ಕದ ದೀಪದ ಬೆಳಕೂ ಅದರೊಳಗೆ ಸೇರಿಕೊಳ್ಳುತ್ತದೆ. ಒಳ್ಳೆಯ ಮೀಟರ್‌ಗಳಲ್ಲಿ ಅರ್ಧಗೋಳವನ್ನು ತಿರುಗಿಸಿ ಒಳಕ್ಕೆ ಇಳಿಸಬಹುದು, ಅಥವಾ ಅದರ ಜಾಗದಲ್ಲಿ ಚಪ್ಪಟೆ ಬಿಲ್ಲೆಯನ್ನು ಕೂರಿಸಬಹುದು. ಆಗ ಮೀಟರ್ ತಾನು ಮುಖ ಮಾಡಿದ ದಿಕ್ಕಿನ ಬೆಳಕನ್ನೇ ಮುಖ್ಯವಾಗಿ ಗಣಿಸುತ್ತದೆ. ಮುಖ್ಯ ದೀಪದ ಕಡೆ ತಿರುಗಿಸಿದಾಗ ಎಫ್/8, ನೆರಳು ತುಂಬುವ ದೀಪದ ಕಡೆ ತಿರುಗಿಸಿದಾಗ ಎಫ್/4 ಬಂದರೆ ನಡುವೆ ಎರಡು ಸ್ಟಾಪ್ ಅಂತರವಿದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಇಲ್ಲವೇ ಅರ್ಧವಾಗುವುದು), ಎರಡನೆಯದರ ಬೆಳಕು ಮೊದಲನೆಯದರ ನಾಲ್ಕನೇ ಒಂದು ಭಾಗ. ಭಾವಚಿತ್ರದಲ್ಲಿ ನೆರಳು ಎಷ್ಟು ಗಾಢವಾಗಿರಬೇಕೆಂಬ ತೀರ್ಮಾನ ಹೀಗೆ ಸಂಖ್ಯೆಯಾಗಿ ಕೈಗೆ ಬರುತ್ತದೆ, ಅದನ್ನು ಬರೆದಿಟ್ಟುಕೊಂಡರೆ ಮುಂದಿನ ತಿಂಗಳೂ ಅದೇ ಬೆಳಕನ್ನು ಕಟ್ಟಬಹುದು. ಕ್ಯಾಮೆರಾದ ತೆರೆಯ ಮೇಲೆ ಹಿಸ್ಟೋಗ್ರಾಮ್ ಇರುವಾಗ ಮೀಟರ್ ಏಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ. ಚಿತ್ರದಲ್ಲಿ ಎಷ್ಟು ಕಪ್ಪು, ಎಷ್ಟು ಬಿಳುಪು ಇದೆಯೆಂದು ಹಿಸ್ಟೋಗ್ರಾಮ್ ಹೇಳುತ್ತದೆ. ಯಾವ ದೀಪದ ಪಾಲು ಎಷ್ಟು ಎಂದು ಹೇಳುವುದಿಲ್ಲ. ಒಳಕ್ಕೆ ಇಳಿಯುವ ಅರ್ಧಗೋಳವಾಗಲಿ, ಚಪ್ಪಟೆ ಬಿಲ್ಲೆಯಾಗಲಿ ಇಲ್ಲದ ಮೀಟರನ್ನು ಸ್ಟುಡಿಯೊ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಮೀಟರ್ ಮತ್ತು ಫ್ಲ್ಯಾಶ್ ಒಂದಕ್ಕೊಂದು ಹೇಗೆ ಹೊಂದಿಕೊಳ್ಳುತ್ತವೆ ಎಂಬುದು ದಿನನಿತ್ಯದ ನೆಮ್ಮದಿಯನ್ನು ನಿರ್ಧರಿಸುತ್ತದೆ. ಫ್ಲ್ಯಾಶ್‌ಗೆ ಹೊತ್ತುವ ಸೂಚನೆ ಒಯ್ಯುವ ಸಿಂಕ್ ತಂತಿಯನ್ನು ಮೀಟರ್‌ಗೇ ಜೋಡಿಸಿ ಗುಂಡಿ ಒತ್ತಿದರೆ ಫ್ಲ್ಯಾಶ್ ಹೊತ್ತುವುದು ಹಳೆಯ, ನಂಬಿಕಸ್ಥ ವಿಧಾನ. ಆದರೆ ತಂತಿ ಕಾಲಿಗೆ ತೊಡರುತ್ತದೆ. ತಂತಿಯಿಲ್ಲದ ವಿಧಾನದಲ್ಲಿ ಮೀಟರ್ ಮಿಂಚಿಗಾಗಿ ಕಾದು ಕುಳಿತಿರುತ್ತದೆ, ಟ್ರಿಗರ್ ಒತ್ತಿದ ತಕ್ಷಣ ಅಳೆಯುತ್ತದೆ. ಇದರಲ್ಲಿ ಎರಡು ತೊಡಕುಗಳಿವೆ. ಕೆಲವು ಬಗೆಯ ಟ್ಯೂಬ್‌ಲೈಟ್‌ಗಳು ಹೊತ್ತಿಕೊಂಡಾಗ ಮೀಟರ್ ಅದನ್ನೇ ಫ್ಲ್ಯಾಶ್ ಎಂದು ತಪ್ಪಾಗಿ ತಿಳಿಯಬಹುದು. ಎರಡನೆಯದು ಹೆಚ್ಚು ಗಂಭೀರ: ಫ್ಲ್ಯಾಶ್ ಸ್ವಯಂಚಾಲಿತ ಟಿಟಿಎಲ್ ಸ್ಥಿತಿಯಲ್ಲಿದ್ದರೆ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮೆರಾವೇ ಫ್ಲ್ಯಾಶನ್ನು ಹೊಂದಿಸುವ ಪದ್ಧತಿ), ನಿಜವಾದ ಮಿಂಚಿಗೆ ಮೊದಲು ಬರುವ ಪರೀಕ್ಷಾ ಮಿಂಚನ್ನೇ ಮೀಟರ್ ಅಳೆದು ಮುಗಿಸಿಬಿಡುತ್ತದೆ, ಅದು ಕೊಡುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಮೀಟರ್ ಬಳಸುವಾಗ ಫ್ಲ್ಯಾಶ್ ಮ್ಯಾನ್ಯುಯಲ್‌ನಲ್ಲೇ ಇರಬೇಕು. ಕೆಲವು ಮೀಟರ್‌ಗಳಲ್ಲಿ ರೇಡಿಯೊ ಟ್ರಿಗರ್ ಒಳಗೇ ಇರುತ್ತದೆ. ಒಬ್ಬರೇ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ, ಆದರೆ ಅದು ತಮ್ಮಲ್ಲಿರುವ ಫ್ಲ್ಯಾಶ್‌ನ ರೇಡಿಯೊ ಪದ್ಧತಿಗೆ ಹೊಂದುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಮೀಟರ್‌ನಲ್ಲಿ ಶಟರ್ ವೇಗವನ್ನೂ ನಮೂದಿಸಬೇಕಾಗುತ್ತದೆ, ಏಕೆಂದರೆ ಶಟರ್ ತೆರೆದಿರುವಷ್ಟು ಹೊತ್ತು ಸುತ್ತಲಿನ ಬೆಳಕೂ ಸೇರುತ್ತದೆ. ಕ್ಯಾಮೆರಾದ ಸಿಂಕ್ ಮಿತಿ (ಫ್ಲ್ಯಾಶ್‌ನೊಂದಿಗೆ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) ಸೆಕೆಂಡಿನ 1/200 ಆಗಿರುವಾಗ ಮೀಟರ್‌ನಲ್ಲಿ 1/500 ಇಟ್ಟರೂ ಅದು ಪ್ರಾಮಾಣಿಕವಾಗಿ ಒಂದು ಸಂಖ್ಯೆ ಕೊಡುತ್ತದೆ. ಚಿತ್ರದಲ್ಲಿ ಮಾತ್ರ ಕಪ್ಪು ಪಟ್ಟಿ ಮೂಡುತ್ತದೆ.

ನಿಖರತೆಯ ಮಾತು ಬಂದಾಗ ಸ್ವಲ್ಪ ನಿಧಾನಿಸಬೇಕು. ಮೀಟರ್‌ಗಳನ್ನು ಹೊಂದಿಸಲು ಬಳಸುವ ಸ್ಥಿರಾಂಕಗಳು ತಯಾರಕರಿಂದ ತಯಾರಕರಿಗೆ ಸ್ವಲ್ಪ ಬೇರೆಯಾಗಿರುತ್ತವೆ, ಆದ್ದರಿಂದ ಸರಿಯಾಗಿಯೇ ಇರುವ ಎರಡು ಮೀಟರ್‌ಗಳು ಅಷ್ಟಿಷ್ಟು ಬೇರೆ ಉತ್ತರ ಕೊಟ್ಟರೆ ಗಾಬರಿಯಾಗಬೇಕಿಲ್ಲ. ತಮ್ಮ ಕ್ಯಾಮೆರಾದಲ್ಲಿ ಬೂದು ಕಾರ್ಡಿನ ಚಿತ್ರ ತೆಗೆದು ನೋಡಿ, ವ್ಯತ್ಯಾಸವಿದ್ದರೆ ಮೀಟರ್‌ನಲ್ಲೇ ತಿದ್ದುಪಡಿ ನಮೂದಿಸಿದರೆ ಅದು ಮುಗಿಯಿತು. ಸ್ಥಿರವಾದ ತಪ್ಪನ್ನು ತಿದ್ದಬಹುದು, ಅಲೆದಾಡುವ ಉತ್ತರವನ್ನು ತಿದ್ದಲಾಗದು. ಪರೀಕ್ಷೆ ಸುಲಭ. ಮೀಟರನ್ನು ಸ್ಟ್ಯಾಂಡಿಗೆ ಬಿಗಿದು, ನಡುನಡುವೆ ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗಲು ಬಿಟ್ಟು, ಹತ್ತು ಸಲ ಮಿಂಚಿಸಬೇಕು. ತೆರೆಯ ಮೇಲೆ ದೊಡ್ಡದಾಗಿ 8, ಪಕ್ಕದಲ್ಲಿ ಚಿಕ್ಕದಾಗಿ 3 ಎಂದು ಬಂದರೆ ಎಫ್/8ಕ್ಕಿಂತ ಸ್ಟಾಪ್‌ನ ಹತ್ತನೇ ಮೂರು ಭಾಗ ಹೆಚ್ಚು ಎಂದರ್ಥ. ಕ್ಯಾಮೆರಾದಲ್ಲಿ ಅದಕ್ಕೆ ಸಮೀಪದ್ದು ಎಫ್/9. ಹತ್ತು ಸಲವೂ ಆ ಚಿಕ್ಕ ಅಂಕಿ 3ರ ಆಸುಪಾಸಿನಲ್ಲೇ ನಿಂತರೆ ಮೀಟರ್ ಉತ್ತಮವಾದದ್ದು, ಫ್ಲ್ಯಾಶ್ ಕೂಡ. ಅದು ಓಲಾಡಿದರೆ ಮೀಟರನ್ನು ದೂರುವ ಮೊದಲು ಬೇರೊಂದು ಫ್ಲ್ಯಾಶ್‌ನೊಂದಿಗೆ ನೋಡಬೇಕು, ಏಕೆಂದರೆ ಸಿದ್ಧವೆಂದು ಸೂಚನೆ ಕೊಟ್ಟರೂ ಪೂರ್ತಿ ತುಂಬಿಕೊಳ್ಳದ ಫ್ಲ್ಯಾಶ್‌ಗಳು ಅಪರೂಪವಲ್ಲ.

ಮಿಕ್ಕ ಸೌಲಭ್ಯಗಳು ಅವರವರ ಕೆಲಸಕ್ಕೆ ಬಿಟ್ಟದ್ದು. ಸೆಕೋನಿಕ್ ಎಲ್-858ಡಿಯಂಥ ದೊಡ್ಡ ಮೀಟರ್ ಮಿಂಚಿನ ಅವಧಿಯನ್ನೂ ಅಳೆಯಬಲ್ಲದು. ಚಿಮ್ಮುವ ನೀರನ್ನೋ ಜಿಗಿಯುವ ನರ್ತಕಿಯನ್ನೋ ನಿಲ್ಲಿಸಿ ಹಿಡಿಯಬೇಕಾದವರಿಗೆ ಇದು ನಿಜಕ್ಕೂ ಉಪಯುಕ್ತ: ತಯಾರಕರು ಹೇಳುವ ಟಿ 0.5 ಎಂಬ ಅವಧಿ ಬೆಳಕು ಅರ್ಧಕ್ಕಿಂತ ಮೇಲಿರುವ ಕಾಲವಷ್ಟೇ, ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಟಿ 0.1 ಸಾಮಾನ್ಯ ಫ್ಲ್ಯಾಶ್‌ಗಳಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಭಾವಚಿತ್ರಕ್ಕೂ ಉತ್ಪನ್ನಗಳ ಚಿತ್ರಕ್ಕೂ ಎಲ್-308 ಸರಣಿಯಂಥ ಜೇಬಿಗೆ ಹಿಡಿಸುವ ಮೀಟರ್ ಸಾಕು.

ಬಳಸಿದ ಮೀಟರ್ ಕೊಳ್ಳುವವರು ಬ್ಯಾಟರಿ ಕೋಣೆಯನ್ನು ತೆರೆದು, ಸೋರಿದ ಹಸಿರು ಕಲೆ ಇದೆಯೇ ಎಂದು ನೋಡಬೇಕು. ನಂತರ ಅರ್ಧಗೋಳವನ್ನು ಬೆಳಕಿಗೆ ಹಿಡಿದು ನೋಡಬೇಕು: ಹಳದಿಗೆ ತಿರುಗಿದ್ದರೆ, ಗೀರು ಬಿದ್ದಿದ್ದರೆ ಅಥವಾ ಬೇರೆ ಮಾದರಿಯದನ್ನು ತಂದು ಕೂರಿಸಿದ್ದರೆ, ಒಳಗಿನ ಕೋಶ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ತಲುಪುವ ಬೆಳಕು ತಯಾರಕರು ಲೆಕ್ಕ ಹಾಕಿದ್ದ ಬೆಳಕಾಗಿರುವುದಿಲ್ಲ.