ವಿಯೆಟ್ನಾಂನಲ್ಲಿ ಹೊಲಿದ ಕೋಚ್ ಬ್ಯಾಗ್ ಡೂಪ್ಲಿಕೇಟಾ?

ಪ್ರಶ್ನೆ: ನಾದಿನಿ ಅಮೆರಿಕದಿಂದ ಕೋಚ್ ಬ್ಯಾಗ್ ತಂದುಕೊಟ್ಟಳು. ಒಳಗೆ ‘ಮೇಡ್ ಇನ್ ವಿಯೆಟ್ನಾಂ’ ಅಂತಿದೆ. ಇದು ಡೂಪ್ಲಿಕೇಟ್ ಅಲ್ವಾ? — ಕಲಬುರಗಿಯ ಓದುಗರು

ಅಲ್ಲ. ಮದುವೆ ಸೀಸನ್‌ನಲ್ಲಿ ಅಮೆರಿಕದ ನೆಂಟರು ಬಂದು ಹೋದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ! ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಕೋಚ್ ಅಮೆರಿಕದ ಬ್ಯಾಗ್ ಬ್ರ್ಯಾಂಡ್. ಅದು ಶುರುವಾಗಿದ್ದು 1941ರಲ್ಲಿ, ನ್ಯೂಯಾರ್ಕಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಆಗ ಅಲ್ಲೇ ಹೊಲಿಯುತ್ತಿದ್ದರು. ಈಗ ಜಾಸ್ತಿ ಮಾಲು ಬರುವುದು ವಿಯೆಟ್ನಾಂ, ಕಾಂಬೋಡಿಯಾ, ಫಿಲಿಪ್ಪೀನ್ಸ್ ಕಡೆಯಿಂದ. ಇದೇನೂ ಗುಟ್ಟಲ್ಲ. ಕೋಚ್‌ನ ಮಾಲೀಕ ಕಂಪನಿ ಟ್ಯಾಪೆಸ್ಟ್ರಿ ತನ್ನ ವಾರ್ಷಿಕ ವರದಿಯಲ್ಲೇ ಬರೆದುಕೊಳ್ಳುತ್ತದೆ. ಡಿಸೈನ್ ಕೋಚ್‌ನವರದು, ಹೊಲಿಗೆ ಬೇರೆಯವರ ಕಾರ್ಖಾನೆಯದು.

ಯಾಕೆ ಹೀಗೆ? ಬ್ಯಾಗ್ ಹೊಲಿಯುವುದು ಕೈಕೆಲಸ, ಕೂಲಿಯೂ ದೊಡ್ಡ ಖರ್ಚು. ಕೋಚ್‌ನ ಬೆಲೆ ಫ್ರಾನ್ಸಿನ ದುಬಾರಿ ಬ್ರ್ಯಾಂಡ್ ಹರ್ಮೆಸ್‌ನಷ್ಟು ಏರುವಂತಿಲ್ಲ, ಸಂತೆಯ ಬ್ಯಾಗಿನಷ್ಟು ಇಳಿಯುವಂತೆಯೂ ಇಲ್ಲ. ‘ಕೈಗೆಟುಕುವ ಲಕ್ಷುರಿ’ ಅಂದರೆ ಅದೇ. ಟ್ಯಾಪೆಸ್ಟ್ರಿಗೆ ನೂರು ರೂಪಾಯಿ ಮಾರಾಟದಲ್ಲಿ ಮಾಲಿನ ಖರ್ಚು ಕಳೆದು 70ಕ್ಕಿಂತ ಜಾಸ್ತಿ ಉಳಿಯುತ್ತದೆ. ಅಂಗಡಿ ಬಾಡಿಗೆ, ಸಂಬಳ, ಜಾಹೀರಾತು ಎಲ್ಲ ಅದರಲ್ಲೇ ನಡೆಯಬೇಕು.

ನಮ್ಮ ಕಡೆಯವರಿಗೆ ಈ ಅನುಮಾನ ಬಿದರಿಯಿಂದ ಬಂದಿರಬೇಕು ಅನಿಸುತ್ತದೆ. ಬಿದರಿಗೆ ಬೀದರ್ ಕೋಟೆಯ ಮಣ್ಣೇ ಆಗಬೇಕು. ಆ ಮಣ್ಣು ಹಾಕಿದರೇನೇ ಲೋಹ ಕಪ್ಪಾಗಿ, ಬೆಳ್ಳಿಯ ಕುಸುರಿ ಎದ್ದು ಕಾಣುತ್ತದೆ. ಅಲ್ಲಿ ಊರನ್ನೂ ಕಸುಬನ್ನೂ ಬೇರೆ ಮಾಡೋಕಾಗಲ್ಲ. ಚರ್ಮದ ಬ್ಯಾಗಿಗೆ ಅಂಥ ನಂಟು ಯಾವ ಊರಿನ ಜೊತೆಗೂ ಇಲ್ಲ. ಚರ್ಮ ಒಳ್ಳೆಯದಿರಬೇಕು, ಕೈ ಪಳಗಿರಬೇಕು, ಅಷ್ಟೇ. ವಿಯೆಟ್ನಾಂನ ಕೈಗಳು ಚೆನ್ನಾಗಿಯೇ ಪಳಗಿವೆ.

ಇನ್ನೊಂದು ಮಾತು. ನಕಲಿ ಮಾಡುವವನಿಗೆ ‘ಮೇಡ್ ಇನ್ ಯುಎಸ್ಎ’ ಅಂತ ಒತ್ತುವುದು ಕಷ್ಟವಾ? ಒಳಗಿನ ನಂಬರನ್ನೂ ಹಾಗೆಯೇ ಕಾಪಿ ಹೊಡೆಯುತ್ತಾನೆ. ಅದಕ್ಕೇ ದೇಶದ ಹೆಸರು ಬಿಡಿ, ಹೊಲಿಗೆ ನೋಡಿ, ಜಿಪ್ ಎಳೆದು ನೋಡಿ. ಎಲ್ಲಕ್ಕಿಂತ ಮೊದಲು, ಯಾವ ಅಂಗಡಿಯಲ್ಲಿ ಕೊಂಡಿದ್ದು ಅಂತ ನಾದಿನಿಯನ್ನೇ ಕೇಳಿ.

‘ಔಟ್‌ಲೆಟ್‌ನಲ್ಲಿ’, ಅಂದರೆ ಕಂಪನಿಯದೇ ರಿಯಾಯಿತಿ ಅಂಗಡಿಯಲ್ಲಿ, ಅಂತ ಹೇಳಿದರೆ ಬೇಜಾರಾಗಬೇಡಿ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಔಟ್‌ಲೆಟ್ ಅಂದರೆ ಉಳಿದ ಮಾಲು, ಡಿಫೆಕ್ಟ್ ಪೀಸು ಅಂತ ಸುಮ್ನೆ ಅಂದುಕೊಳ್ಳುತ್ತಾರೆ. ಅಲ್ಲಿನ ಬಹುಪಾಲು ಬ್ಯಾಗುಗಳು ಔಟ್‌ಲೆಟ್‌ಗೆಂದೇ ಹೊಲಿದವು. ಡಿಸೈನ್ ಸರಳ, ಬೆಲೆ ಕಡಿಮೆ, ಮಾಲು ಅಸಲಿ. ಆದರೆ ಸದಾ ರಿಯಾಯಿತಿ ಇದ್ದರೆ ಪೂರ್ತಿ ಬೆಲೆ ಕೊಡುವವರು ಯಾರು? ಆ ಪೆಟ್ಟು ಕೋಚ್‌ಗೂ ಬಿತ್ತು. ರಿಯಾಯಿತಿಯ ಹಾವಳಿ ತಡೆಯಲು 2016ರಲ್ಲಿ ಅಮೆರಿಕದ ಸುಮಾರು 250 ಡಿಪಾರ್ಟ್‌ಮೆಂಟ್ ಸ್ಟೋರುಗಳಿಂದ ತನ್ನ ಬ್ಯಾಗುಗಳನ್ನು ವಾಪಸ್ ತೆಗೆಯಲು ಕೋಚೇ ನಿರ್ಧರಿಸಿತು.