ಅರ್ಧ ಸುತ್ತಿನ ಉಪಕಾರ

ಲೇಸರ್‌ಡಿಸ್ಕ್ ಎಂದರೆ ಸಿ.ಡಿ.ಯ ದೊಡ್ಡಣ್ಣ, ಹಾಗಾಗಿ ಅದರಲ್ಲಿರುವುದೂ ಡಿಜಿಟಲ್ ಚಿತ್ರವೇ ಎಂದು ನಂಬಿರುವವರು ಬಹಳ ಮಂದಿ. ಹೊಳೆಯುವ ತಟ್ಟೆ, ಓದಲು ಲೇಸರ್, ಹಾಗನ್ನಿಸುವುದು ಸಹಜವೇ. ಆದರೆ ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಹಳೆಯ ಡಿಸ್ಕ್‌ಗಳ ವಿಡಿಯೊ ಉಳಿಸಲು ಹೊರಟ ಎಷ್ಟೋ ಜನ ದಾರಿ ತಪ್ಪುತ್ತಾರೆ. ಅಂಕಿಗಳಾಗಿದ್ದರೆ ಎತ್ತಿ ನಕಲು ಮಾಡಿದರೆ ಮುಗಿಯುತ್ತಿತ್ತು. 30 ಸೆಂ.ಮೀ. ಅಗಲದ ಆ ತಟ್ಟೆಯಲ್ಲಿ ಚಿತ್ರ ಅಲೆಯಾಗಿ ಕೂತಿದೆ. ಅಲೆಯನ್ನು ಅಳೆಯಬೇಕಾಗುತ್ತದೆ, ಮತ್ತು ಅಳೆದದ್ದು ಎಷ್ಟು ನಿಖರವೋ ಚಿತ್ರ ಅಷ್ಟೇ ನಿಖರ.

ಒಳಗಿನ ಅಲ್ಯುಮಿನಿಯಂ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳ ಸಾಲೊಂದು ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರೊಮೀಟರ್ ಅಂತರ. ಒಂದು ಬದಿಯಲ್ಲಿ 54,000 ಸುತ್ತುಗಳಿದ್ದರೆ ಬಿಚ್ಚಿ ಹಾಸಿದಾಗ ಸುಮಾರು 34 ಕಿಲೋಮೀಟರ್ ಆಗುತ್ತದೆ. ಸಿ.ಡಿ.ಯ ಗುಂಡಿಗಳಿಗೆ ಮೊದಲೇ ಗೊತ್ತುಮಾಡಿದ ಒಂಬತ್ತು ಉದ್ದಗಳಷ್ಟೇ ಉಂಟು. ಇಲ್ಲಿನ ಗುಂಡಿಗಳು ಅಂಥ ಕಟ್ಟಳೆಗೆ ಒಳಗಾಗಿಲ್ಲ. ಚಿತ್ರ ಬೆಳಗಿದಂತೆ ಅವು ಒತ್ತೊತ್ತಾಗುತ್ತವೆ, ಕಪ್ಪಾದಂತೆ ವಿರಳವಾಗುತ್ತವೆ. ಅಮೆರಿಕದ ಎನ್‌ಟಿಎಸ್‌ಸಿ ಎಂಬ ಟಿ.ವಿ. ಪದ್ಧತಿಯ ಡಿಸ್ಕ್‌ನಲ್ಲಿ ಅಚ್ಚ ಬಿಳುಪು ಸೆಕೆಂಡಿಗೆ 93 ಲಕ್ಷ ಏರಿಳಿತ, ಚಿತ್ರವನ್ನು ಕಟ್ಟುವ ಅಡ್ಡಸಾಲುಗಳನ್ನು ಹೊಂದಿಸುವ ಗುರುತಿನ ತಳ 76 ಲಕ್ಷ. ಮಿಕ್ಕ ಛಾಯೆಗಳೆಲ್ಲ ಈ ಎರಡರ ನಡುವೆ.

ಮಾತನ್ನು ನಂಬದವರು ಬದಿಗೆ ಅರ್ಧ ಗಂಟೆ ಓಡುವ ಬಗೆಯ ಡಿಸ್ಕ್ ಒಂದನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಲಿ. ನಡುವಿನಿಂದ ಅಂಚಿನವರೆಗೆ ಎರಡು ತೆಳು ಪಟ್ಟಿಗಳು ಎದುರುಬದುರಾಗಿ, ಗಾಲಿಯ ಕಡ್ಡಿಗಳಂತೆ ಕಾಣುತ್ತವೆ. ಈ ಬಗೆಯ ಡಿಸ್ಕ್ ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗುತ್ತದೆ; ಒಂದು ಸುತ್ತಿಗೆ ಒಂದು ಫ್ರೇಮ್. ಫ್ರೇಮ್ ಎಂದರೆ ಒಂದು ಪೂರ್ಣ ಚಿತ್ರ; ಅದರಲ್ಲಿ ಎರಡು ಫೀಲ್ಡ್‌ಗಳು, ಎಂದರೆ ಸಾಲು ಬಿಟ್ಟು ಸಾಲು ಹಿಡಿದ ಎರಡು ಅರ್ಧಚಿತ್ರಗಳು, ಎರಡರ ನಡುವೆಯೂ ಚಿತ್ರವಿಲ್ಲದ ಸಣ್ಣ ಬಿಡುವು. ಆ ಬಿಡುವು ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದು ಬೀಳುವುದರಿಂದ ಸಾವಿರಾರು ಸುತ್ತುಗಳ ಬಿಡುವುಗಳು ಸಾಲುಗೂಡಿ ಪಟ್ಟಿಯಾಗಿವೆ. ಚಿತ್ರದ ಆಕಾರವನ್ನೇ ಬರಿಗಣ್ಣಿಗೆ ತೋರಿಸುವ ತಟ್ಟೆ ಇದು. ಮೊದಲ ಸಲ ಕಂಡ ದಿನ ನಾನು ಅದನ್ನು ಪ್ಲೇಯರ್‌ಗೆ ಹಾಕುವುದನ್ನೇ ಮರೆತು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

1978ರ ಡಿಸೆಂಬರ್‌ನಲ್ಲಿ ಅಟ್ಲಾಂಟಾ ನಗರದಲ್ಲಿ ಮಾರಾಟಕ್ಕೆ ಬಂದ ಈ ತಂತ್ರಜ್ಞಾನದ ಕೊನೆಯ ಪ್ಲೇಯರ್‌ಗಳ ತಯಾರಿಕೆಯನ್ನು ಪಯೋನಿಯರ್ ಕಂಪನಿ ನಿಲ್ಲಿಸಿದ್ದು 2009ರಲ್ಲಿ. ಈಗಿರುವ ಪ್ಲೇಯರ್‌ಗಳು ಸವೆಯುತ್ತಿವೆ, ಡಿಸ್ಕ್‌ಗಳು ಕೊಳೆಯುತ್ತಿವೆ. ಲೇಸರ್ ಕಿರಣವೇ ತಟ್ಟೆಯನ್ನು ಸುಟ್ಟು ಹಾಳುಮಾಡುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ, ಅದು ಸುಳ್ಳು. ಡಿಸ್ಕ್ ಎಂದರೆ ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಅಕ್ರಿಲಿಕ್ ಹೋಳುಗಳು. ಅಂಟು ಅಥವಾ ಅಂಟಿಸಿದ ರೀತಿ ಕೆಟ್ಟರೆ ಅಲ್ಯುಮಿನಿಯಂ ಪದರ ಆಕ್ಸೈಡ್ ಆಗಿ ಮಾಸುತ್ತದೆ. ಕಪಾಟಿನಿಂದ ಒಮ್ಮೆಯೂ ಹೊರಬರದ ಡಿಸ್ಕ್ ಕೂಡ ಹೀಗೆ ಕೊಳೆಯಬಲ್ಲದು. ಮಾಸಿದ ಚುಕ್ಕೆಯ ಮೇಲೆ ಬಿದ್ದ ಬೆಳಕು ಹಿಂದಿರುಗುವುದಿಲ್ಲ, ಅಷ್ಟು ಹೊತ್ತಿನ ಚಿತ್ರ ಗೀರಾಗಿ ಹೋಗುತ್ತದೆ.

ಕಾಲದ ಜೊತೆಗಿನ ಈ ಪೈಪೋಟಿಯನ್ನು ಬ್ರಿಟನ್ನಿನ ಡೂಮ್ಸ್‌ಡೇ ಯೋಜನೆಯಷ್ಟು ಚೆನ್ನಾಗಿ ಮತ್ತಾವುದೂ ತೋರಿಸದು. 1086ರಲ್ಲಿ ಇಂಗ್ಲೆಂಡಿನ ಭೂಮಿ, ಜನ, ಆಸ್ತಿಗಳ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆಸಿದರು, ಅದೇ ಡೂಮ್ಸ್‌ಡೇ ಪುಸ್ತಕ. ಅದರ 900ನೇ ವರ್ಷದ ನೆನಪಿಗೆ, 1986ರಲ್ಲಿ, ಬಿಬಿಸಿ ಹೊಸ ಲೆಕ್ಕವೊಂದನ್ನು ಮಾಡಿಸಿ ಲೇಸರ್‌ಡಿಸ್ಕ್‌ಗೆ ಹಾಕಿತು. ಶಾಲಾ ಮಕ್ಕಳು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ಚಿತ್ರ, ಬರಹ ಕಳುಹಿಸಿದರು. ಚರ್ಮದ ಹಾಳೆಗಳನ್ನು ಇಂದಿಗೂ ಓದಬಹುದು. ಡಿಸ್ಕ್ ಓದುವ ಯಂತ್ರಗಳು ಮಾತ್ರ ಎರಡೇ ದಶಕಗಳಲ್ಲಿ ಅಪರೂಪವಾದವು. ಇವೇ ಡಿಸ್ಕ್‌ಗಳನ್ನು ಉಳಿಸುವ ಹಟದಿಂದ ಹುಟ್ಟಿದ್ದು ಡೂಮ್ಸ್‌ಡೇ ಡೂಪ್ಲಿಕೇಟರ್ ಎಂಬ ಮುಕ್ತ ವಿನ್ಯಾಸದ ಸಲಕರಣೆ. ಎಲ್‌ಡಿ-ಡಿಕೋಡ್ ಎಂಬ ತಂತ್ರಾಂಶದ ಜೊತೆಗೂಡಿ ಅದು ಈ ಕೆಲಸದ ರೀತಿಯನ್ನೇ ಬದಲಿಸಿತು.

ಅದಕ್ಕೆ ಮೊದಲಿನ ರೂಢಿ ಏನೆಂದರೆ, ಪ್ಲೇಯರ್‌ನ ಹಿಂಬದಿಯ ವಿಡಿಯೊ ಕಿಂಡಿಯಿಂದ ತಂತಿ ಎಳೆದು ಕಂಪ್ಯೂಟರ್‌ಗೆ ಸಿಕ್ಕಿಸುವುದು. ಬಂದದ್ದು ಮಸುಕಾಗಿದ್ದರೆ ಗದ್ದಲ, ಎಂದರೆ ಚಿತ್ರದ ಮೇಲೆ ಕುಣಿಯುವ ಕಾಳುಕಾಳು, ತೆಗೆಯುವ ಫಿಲ್ಟರ್ ಹಾಕುವುದು. ಈಚೆಗೆ, ಕೃತಕ ಬುದ್ಧಿಮತ್ತೆಯಿಂದ ನಾಲ್ಕು ಪಟ್ಟು ಹಿಗ್ಗಿಸುವುದು. ಮುಖಗಳು ಮೇಣ ಬಳಿದಂತಾಗುತ್ತವೆ, ಇಲ್ಲದ ರೆಪ್ಪೆಗೂದಲುಗಳು ಮೂಡುತ್ತವೆ, ನೋಡಿದವರು ಭಲೇ ಎನ್ನುತ್ತಾರೆ. ನನಗೆ ಇದನ್ನು ಕಂಡರೆ ಸಂಕಟವಾಗುತ್ತದೆ. ಆ ರೆಪ್ಪೆಗಳು ಕನ್ನಡಿಯೊಳಗಿನ ಗಂಟು. ಬೇರೆ ಲಕ್ಷಾಂತರ ಮುಖಗಳನ್ನು ನೋಡಿ ಕಲಿತ ಯಂತ್ರ ಇಲ್ಲಿ ಇರಬಹುದಾದದ್ದನ್ನು ಊಹಿಸಿ ಬರೆದಿದೆ. ಡಿಸ್ಕ್‌ನಲ್ಲಿ ನಿಜವಾಗಿ ಇದ್ದದ್ದು ಪ್ಲೇಯರ್‌ನ ಹಳೆಯ ಬಿಡಿಭಾಗಗಳಲ್ಲೇ ಸೋರಿಹೋಗಿದೆ.

ಡೂಪ್ಲಿಕೇಟರ್ ಮಾಡುವುದು ಇಷ್ಟೇ: ಲೇಸರ್ ಓದಿದ ಅಲೆ ಪ್ಲೇಯರ್‌ನ ಸರ್ಕ್ಯೂಟ್‌ಗಳಿಗೆ ಸಿಕ್ಕಿ ಚಿತ್ರವಾಗುವ ಮೊದಲೇ ಅದನ್ನು ಹಿಡಿದು, ಸೆಕೆಂಡಿಗೆ 4 ಕೋಟಿ ಸಲ, ಪ್ರತಿ ಸಲವೂ 10 ಬಿಟ್‌ಗಳಲ್ಲಿ ಅಳೆದು ಬರೆದಿಡುವುದು. ಗಂಟೆಗೆ 180 ಗಿಗಾಬೈಟ್ ಆಗುತ್ತದೆ. ಆಗಲಿ. ಪ್ಲೇಯರ್‌ನ ಸರ್ಕ್ಯೂಟ್‌ಗಳು ಮಾಡುತ್ತಿದ್ದ ಮಿಕ್ಕ ಕೆಲಸವನ್ನೆಲ್ಲ ಇನ್ನು ತಂತ್ರಾಂಶವೇ ಮಾಡುತ್ತದೆ. ತಪ್ಪಾದರೆ ಡಿಸ್ಕ್ ಮುಟ್ಟದೆಯೇ ಮತ್ತೆ ಮಾಡಬಹುದು.

ಮೊದಲ ಕೆಲಸ ಕಾಲವನ್ನು ನೇರ್ಪಡಿಸುವುದು. ತಟ್ಟೆಯ ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಪ್ರತಿ ಸುತ್ತಿನಲ್ಲಿ ಚಿತ್ರ ಒಮ್ಮೆ ಅವಸರ, ಒಮ್ಮೆ ಸಾವಧಾನ. ಸಾಲುಗಳು ಅಂಕುಡೊಂಕಾಗುತ್ತವೆ, ಬಣ್ಣವೂ ಕೆಡುತ್ತದೆ. ಎನ್‌ಟಿಎಸ್‌ಸಿಯಲ್ಲಿ ಬಣ್ಣದ ಅಲೆಯ ಒಂದು ಸುತ್ತು, ಎಂದರೆ ಒಂದು ಏರಿಳಿತ, ಸುಮಾರು 279 ನ್ಯಾನೊಸೆಕೆಂಡ್. ಅದರಲ್ಲಿ 8 ನ್ಯಾನೊಸೆಕೆಂಡ್ ಆಚೀಚೆಯಾದರೆ ವರ್ಣಚಕ್ರದಲ್ಲಿ ಹತ್ತು ಡಿಗ್ರಿ ಜಾರಿದಂತೆ. ಪ್ರತಿ ಸಾಲಿನ ಮೊದಲಲ್ಲಿರುವ ಹೊಂದಾಣಿಕೆ ಗುರುತನ್ನೂ ಬಣ್ಣದ ಮಾದರಿ ತುಣುಕನ್ನೂ ಹುಡುಕಿ, ಸಾಲನ್ನು ಎಳೆದು ಕುಗ್ಗಿಸಿ ಸರಿಯಾದ ಉದ್ದಕ್ಕೆ ತರುತ್ತಾರೆ.

ಇನ್ನು ನನ್ನ ಅಚ್ಚುಮೆಚ್ಚಿನ ಭಾಗ: ಬಣ್ಣವನ್ನು ಬೆಳಕಿನಿಂದ ಬಿಡಿಸುವುದು. ಇದಕ್ಕೆ 1953ಕ್ಕೆ ಹೋಗಬೇಕು. ಅಮೆರಿಕದ ಮನೆಗಳಲ್ಲಿ ಆಗ ಕಪ್ಪು-ಬಿಳುಪಿನ ಟಿ.ವಿ.ಗಳೇ ತುಂಬಿದ್ದವು. ಬಣ್ಣ ಬಂದಿತೆಂದು ಅವೆಲ್ಲ ಮೂಲೆಗೆ ಬೀಳಬಾರದು, ಹಳೆಯ ಸಿಗ್ನಲ್‌ನ ಜಾಗದಲ್ಲೇ ಬಣ್ಣವೂ ಹಿಡಿಸಬೇಕು ಎಂಬ ಷರತ್ತು ಎಂಜಿನಿಯರ್‌ಗಳ ಮುಂದಿತ್ತು. ಅವರು ಬಣ್ಣವನ್ನು ಒಂದು ವೇಗದ ಅಲೆಯಾಗಿ ಬೆಳಕಿನ ಮೇಲೆಯೇ ಸವಾರಿ ಮಾಡಿಸಿದರು. ಹಾಗೆ ಮಾಡಿದರೆ ಕಪ್ಪು-ಬಿಳುಪಿನ ಪರದೆಯಲ್ಲಿ ಆ ಅಲೆ ಚುಕ್ಕೆಚುಕ್ಕೆಯಾಗಿ ಕಾಣಬೇಕಲ್ಲ? ಅದಕ್ಕೇ ಒಂದು ಸಾಲಿನಲ್ಲಿ ಬಣ್ಣದ ಅಲೆ ಸರಿಯಾಗಿ 227 ಸುತ್ತು ಹಾಕದೆ 227.5 ಸುತ್ತು ಹಾಕುವಂತೆ ಆವರ್ತನವನ್ನು ಆರಿಸಿದರು. ಈ ಲೆಕ್ಕ ಟಿ.ವಿ.ಯ ಧ್ವನಿಯನ್ನು ಹೊತ್ತ ಅಲೆಯ ಸೆಕೆಂಡಿಗೆ 45 ಲಕ್ಷ ಏರಿಳಿತಕ್ಕೂ ಹೊಂದಲೆಂದು ಫ್ರೇಮ್‌ಗಳ ವೇಗವನ್ನೇ ಸೆಕೆಂಡಿಗೆ 30ರಿಂದ 29.97ಕ್ಕೆ ಇಳಿಸಿದರು, ಇಂದಿಗೂ ವಿಡಿಯೊ ಸಂಕಲನಕಾರರನ್ನು ಕಾಡುವ ಆ ಸೊಟ್ಟ ಸಂಖ್ಯೆಯ ಮೂಲ ಇದೇ.

ಆ ಅರ್ಧ ಸುತ್ತು ಮಾಡುವ ಚಮತ್ಕಾರ ನೋಡಿ. ಇಟ್ಟಿಗೆ ಗೋಡೆಯಲ್ಲಿ ಮೇಲಿನ ವರಸೆಯ ಸಂದು ಕೆಳಗಿನ ಇಟ್ಟಿಗೆಯ ನಟ್ಟನಡುವೆ ಬರುವ ಹಾಗೆ, ಮೇಲಿನ ಸಾಲಿನಲ್ಲಿ ಬಣ್ಣದ ಅಲೆ ಉಬ್ಬಿದ ಕಡೆ ಕೆಳಗಿನ ಸಾಲಿನಲ್ಲಿ ತಗ್ಗುತ್ತದೆ. ಇಬ್ಬರು ಅಕ್ಕಪಕ್ಕ ನಡೆಯುತ್ತಿದ್ದಾರೆ ಎನ್ನಿ. ಒಬ್ಬರು ಎಡಗಾಲು ಇಟ್ಟಾಗ ಮತ್ತೊಬ್ಬರು ಬಲಗಾಲು, ಆದರೆ ಇಬ್ಬರೂ ಹೊತ್ತಿರುವ ಹೊರೆ ಒಂದೇ. ಬೆಳಕು ಆ ಹೊರೆ, ಬಣ್ಣ ಆ ಹೆಜ್ಜೆ. ಪಕ್ಕದ ಎರಡು ಸಾಲುಗಳ ಬೆಳಕು ಹೆಚ್ಚುಕಡಿಮೆ ಒಂದೇ ಇರುತ್ತದಾದ್ದರಿಂದ ಎರಡನ್ನೂ ಕೂಡಿದರೆ ಉಬ್ಬೂ ತಗ್ಗೂ ಒಂದನ್ನೊಂದು ತಿಂದು ಬೆಳಕು ಮಾತ್ರ ಉಳಿಯುತ್ತದೆ. ಕಳೆದರೆ ಬೆಳಕು ಸೊನ್ನೆಯಾಗಿ ಬಣ್ಣ ಉಳಿಯುತ್ತದೆ. ಒಂದು ಕೂಡಿಕೆ, ಒಂದು ಕಳೆಯುವಿಕೆ! ಆವರ್ತನಗಳ ನಕ್ಷೆಯಲ್ಲಿ ಇದು ಬಾಚಣಿಗೆಯ ಹಲ್ಲುಗಳಂತೆ ಕಾಣುವುದರಿಂದ ಕೋಂಬ್ ಫಿಲ್ಟರ್ ಎಂದು ಹೆಸರು.

ಪಕ್ಕದ ಸಾಲುಗಳು ಒಂದೇ ಆಗಿಲ್ಲದ ಕಡೆ ಲೆಕ್ಕ ತಪ್ಪುತ್ತದೆ. ಕೆಂಪು ಬಾಗಿಲಿನ ಕೆಳ ಅಂಚಿನಲ್ಲಿ ಚುಕ್ಕೆಗಳು ಇರುವೆ ಸಾಲಿನಂತೆ ಹರಿಯುತ್ತವೆ. ಸಣ್ಣ ಗೆರೆಯ ಅಂಗಿ ಕಂಡರಂತೂ, ಗೆರೆಗಳ ಒತ್ತು ಬಣ್ಣದ ಅಲೆಯ ಒತ್ತಿಗೆ ಹತ್ತಿರವಾಗಿ, ಬೂದು ಬಟ್ಟೆಯ ಮೇಲೆ ಕಾಮನಬಿಲ್ಲು ಆಡುತ್ತದೆ. ಇದಕ್ಕೂ ಅದೇ ಅರ್ಧ ಸುತ್ತು ಔಷಧ. 525 ಸಾಲುಗಳ ಫ್ರೇಮ್‌ನಲ್ಲಿ 1,19,437.5 ಸುತ್ತುಗಳು, ಇಲ್ಲೂ ಕೊನೆಗೆ ಅರೆ. ಎಂದರೆ ಮುಂದಿನ ಫ್ರೇಮ್‌ನ ಅದೇ ಜಾಗದಲ್ಲಿ ಬಣ್ಣ ತಲೆಕೆಳಗು. ಚಿತ್ರ ಅಲುಗದಿದ್ದರೆ ಹಿಂದಿನ ಫ್ರೇಮ್ ಜೊತೆ ಕೂಡಿ ಕಳೆದು ಬಣ್ಣವನ್ನು ಚೊಕ್ಕವಾಗಿ ಬಿಡಿಸಬಹುದು. ಅಲುಗಿದ ಕಡೆ ಮಾತ್ರ ಪಕ್ಕದ ಸಾಲಿಗೆ ಮರಳಬೇಕು. ಯಾವ ಬಿಂದುವಿಗೆ ಯಾವುದು ಎಂದು ತಂತ್ರಾಂಶ ಒಂದೊಂದಾಗಿ ತೂಗುತ್ತದೆ. ಯುರೋಪಿನ ಪಾಲ್ ಪದ್ಧತಿಯಲ್ಲಿ ಅರ್ಧದ ಬದಲು ನಾಲ್ಕನೇ ಒಂದರ ಲೆಕ್ಕ, 283 ಮುಕ್ಕಾಲು ಸುತ್ತು ಮತ್ತು ಚೂರು. ಅಲ್ಲಿ ಗಣಿತ ಇನ್ನಷ್ಟು ಜಟಿಲ.

ಬಣ್ಣದ ಟಿ.ವಿ. ಇಲ್ಲದವರ ಕಣ್ಣಿಗೆ ತೊಂದರೆಯಾಗದಿರಲೆಂದು ಮಾಡಿದ ಏರ್ಪಾಡು ಎಪ್ಪತ್ತು ವರ್ಷಗಳ ಬಳಿಕ ನಮ್ಮ ಕೈಗೆ ಕೀಲಿಯಾಗಿ ಬಂದಿದೆ. ಆದರೆ ಒಂದು ಎಚ್ಚರಿಕೆ. ಬಣ್ಣ ಬಿಡಿಸುವ ಮೊದಲೇ ಚಿತ್ರವನ್ನು ಹಿಗ್ಗಿಸಿದರೆ, ಕುಗ್ಗಿಸಿದರೆ, ಗದ್ದಲ ಒರೆಸಿದರೆ ಆ ಅರ್ಧ ಸುತ್ತಿನ ಲೆಕ್ಕ ಕಲಸಿಹೋಗುತ್ತದೆ. ಆಮೇಲೆ ಎಂಥ ಯಂತ್ರಕ್ಕೂ ಅದು ಸಿಗುವುದಿಲ್ಲ.

ಕೊಳೆತು ಹೋದ ಚುಕ್ಕೆಗಳಿಗೆ ಏನು ಮಾಡುವುದು? ಅಲೆ ಎಲ್ಲಿ ಕುಸಿದಿದೆ ಎಂಬುದು ಮೂಲ ಅಳತೆಯಲ್ಲೇ ಕಾಣುತ್ತದೆ. ಒಂದೇ ಪ್ರತಿಯಿದ್ದರೆ ಪಕ್ಕದ ಸಾಲಿನಿಂದ ತೇಪೆ ಹಾಕಬೇಕು. ಅದೇ ಚಿತ್ರದ ಮೂರ್ನಾಲ್ಕು ಡಿಸ್ಕ್‌ಗಳು ಸಿಕ್ಕರೆ ದಾರಿ ಬೇರೆ. ಬಿಡುವಿನ ಸಾಲುಗಳಲ್ಲಿ ಫ್ರೇಮ್‌ನ ಸಂಖ್ಯೆ ಅಥವಾ ಕಾಲದ ಗುರುತು ಅಚ್ಚಾಗಿರುವುದರಿಂದ ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ, ಪ್ರತಿ ಬಿಂದುವಿಗೂ ನಡುವಿನ ಬೆಲೆಯನ್ನು ಆರಿಸಬಹುದು. ಒಂದು ಡಿಸ್ಕ್ ಕೊಳೆತ ಜಾಗದಲ್ಲೇ ಮತ್ತೊಂದು ಸಾಮಾನ್ಯವಾಗಿ ಕೊಳೆತಿರುವುದಿಲ್ಲ. ನಾಲ್ಕು ಪ್ರತಿಗಳ ಸರಾಸರಿ ತೆಗೆದರೆ ಡಿಸ್ಕ್ ಡಿಸ್ಕ್‌ಗೂ ಬೇರೆಯಾಗುವ ಗದ್ದಲ ಅರ್ಧಕ್ಕಿಳಿಯುತ್ತದೆ. ಇಲ್ಲಿ ಊಹೆ ಇಲ್ಲ; ಸಿಕ್ಕ ಬೆಲೆ ತಟ್ಟೆಗಳಲ್ಲಿ ನಿಜವಾಗಿ ಅಚ್ಚಾಗಿದ್ದದ್ದರಿಂದಲೇ ಬಂದದ್ದು.

ನಾನು ಹೀಗೆ ಮೂರು ಪ್ರತಿಗಳನ್ನು ಹೊಂದಿಸಿದ ದೃಶ್ಯವೊಂದರಲ್ಲಿ ಗೆರೆ ಅಂಗಿಯ ಮನುಷ್ಯ ಕಿಟಕಿಯ ಬಳಿ ಕೂತಿದ್ದಾನೆ. ಮೊದಲು ಅವನ ಭುಜದ ಮೇಲೆ ಹಸಿರು-ನೇರಳೆ ಕುಣಿಯುತ್ತಿತ್ತು, ಹಿಂದಿನ ಗೋಡೆಯ ತುಂಬ ಬಿಳಿ ಗೀರುಗಳಿದ್ದವು. ಈಗ ಅಂಗಿ ಬೂದು ಬಣ್ಣದ್ದು, ಗೆರೆಗಳನ್ನು ಎಣಿಸಬಹುದು. ಕಿಟಕಿಯ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿದೆ. ಅದು ಮೂರೂ ಪ್ರತಿಗಳಲ್ಲಿ, ಅದೇ ಫ್ರೇಮ್‌ನಲ್ಲಿ, ಅದೇ ಜಾಗದಲ್ಲಿದೆ. ಡಿಸ್ಕ್ ಅಚ್ಚಾಗುವ ಮೊದಲೇ ಸೇರಿಕೊಂಡದ್ದು. ಅದನ್ನು ಹಾಗೆಯೇ ಬಿಟ್ಟಿದ್ದೇನೆ.